ಪಿಟೀಲು ಕಲಿಯಲಾ, ಕೀಬೋರ್ಡ್ ಸಾಕಾ?

ಪ್ರಶ್ನೆ: ನನಗೆ 38 ವರ್ಷ. ಸಂಗೀತ ಕಲಿತವಳಲ್ಲ, ಕೇಳುವ ಹುಚ್ಚು ಮಾತ್ರ ಚಿಕ್ಕಂದಿನಿಂದ ಇದೆ. ಪಿಟೀಲಿನ ದನಿ ಅಂದರೆ ಪ್ರಾಣ, ಅದರಲ್ಲೂ ಕರ್ನಾಟಕ ಸಂಗೀತದ ಪಿಟೀಲು. ಆದರೆ ಯಾರನ್ನು ಕೇಳಿದರೂ ‘ಈ ವಯಸ್ಸಿಗೆ ಅದು ಬರಲ್ಲ, ಸುಮ್ನೆ ಕೀಬೋರ್ಡ್ ತಗೋ’ ಅನ್ನುತ್ತಾರೆ. ಅಪಾರ್ಟ್‌ಮೆಂಟ್ ಮನೆ, ದಿನಕ್ಕೆ ಅರ್ಧ ಗಂಟೆ ಬಿಡುವು ಸಿಕ್ಕರೆ ಜಾಸ್ತಿ. ಏನು ಮಾಡಲಿ?

ಉತ್ತರ: ಪಿಟೀಲೇ ಕಲಿಯಿರಿ. ಕೀಬೋರ್ಡ್ ಸುಲಭ ಅನ್ನುವವರು ಹೇಳುತ್ತಿರುವುದು ಮೊದಲ ತಿಂಗಳ ಮಾತು. ಕೀಲಿ ಒತ್ತಿದರೆ ಸರಿಯಾದ ಸ್ವರ ತಾನೇ ಬರುತ್ತದೆ, ನಿಜ. ಆದರೆ ಆ ಸ್ವರಗಳೆಲ್ಲ ಒಂದೊಂದು ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರುವುದು, ತೂಗುವುದು ಬರೀ ಕೀಲಿಗಳಲ್ಲಿ ಆಗುವುದಿಲ್ಲ. ನಿಮ್ಮ ಪ್ರಾಣ ಇರುವುದು ಆ ಜಾರುವ, ತೂಗುವ ದನಿಯಲ್ಲಿ, ಅಂದರೆ ಗಮಕದಲ್ಲಿ, ಅಲ್ವಾ? ಹಾಗಿದ್ದರೆ ಆರು ತಿಂಗಳಲ್ಲಿ ಕೀಬೋರ್ಡ್ ಮೂಲೆ ಸೇರುತ್ತದೆ. ಸಿನಿಮಾ ಹಾಡು ನುಡಿಸಬೇಕು, ಹಾಡುವವರ ಜೊತೆ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಬೇಕು ಅಂತ ಆಸೆಯಿದ್ದವರಿಗೆ ಅದೇ ಒಳ್ಳೆಯ ವಾದ್ಯ, ನಾನೇ ತಗೊಳ್ಳಿ ಅನ್ನುತ್ತಿದ್ದೆ.

ಪಿಟೀಲಿನ ಕಷ್ಟವನ್ನೂ ಹೇಳಿಬಿಡುತ್ತೇನೆ. ವೀಣೆ, ಗಿಟಾರಿನಲ್ಲಿ ಇರುವಂತೆ ಇದರಲ್ಲಿ ಸ್ವರದ ಜಾಗ ತೋರಿಸುವ ಅಡ್ಡಪಟ್ಟಿಗಳು, ಅಂದರೆ ಮೆಟ್ಟಿಲು ಇಲ್ಲ, ಸ್ವರದ ಜಾಗವನ್ನು ಕಿವಿಯೇ ಹುಡುಕಬೇಕು. ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಇನ್ನು ಕಮಾನು: ಒತ್ತಡ ಜಾಸ್ತಿಯಾದರೆ ಕಿರುಗುಟ್ಟುತ್ತದೆ, ಕಡಿಮೆಯಾದರೆ ಸಿಳ್ಳೆಯ ಹಾಗೆ ತೇಲುತ್ತದೆ, ಅದು ನೇರವಾಗಿ ಹೋಗಲು ಕಲಿಯುವುದಕ್ಕೇ ಬಹಳ ದಿನ ಹಿಡಿಯುತ್ತದೆ. ಹೊಸ ಕಮಾನಿನ ಕೂದಲಿಗೆ ರೋಸಿನ್ (ಒಂದು ಬಗೆಯ ರಾಳ) ಹಚ್ಚದೆ ನುಡಿಸಿದರೆ ಶಬ್ದವೇ ಬರುವುದಿಲ್ಲ. ವಾದ್ಯ ಕೆಟ್ಟಿದೆ ಅಂತ ಹೆದರಬೇಡಿ. ಆದರೆ ವರ್ಷಗಟ್ಟಲೆ ಪಿಟೀಲು ಕೇಳಿದ ಕಿವಿ ನಿಮ್ಮದು. ಎಲ್ಲಿ ತಪ್ಪಿತು ಅಂತ ಅದಕ್ಕೆ ಗೊತ್ತಾಗುತ್ತದೆ, ಬೆರಳು ನಿಧಾನವಾಗಿ ಅದರ ಹಿಂದೆ ಬರುತ್ತದೆ. ದಿನಾ ಅರ್ಧ ಗಂಟೆ ಕೂತರೆ ಸಾಕು, ಭಾನುವಾರ ಮಾತ್ರ ಮೂರು ಗಂಟೆ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಕೊಳ್ಳುವ ಮೊದಲು ಗುರುಗಳನ್ನು ಹುಡುಕಿ. ವಾದ್ಯ ಒಂದೇ ಆದರೂ ಕಲಿಸುವ ದಾರಿ ಬೇರೆ. ಪಾಶ್ಚಾತ್ಯ ಪದ್ಧತಿಯಲ್ಲಿ ಗಲ್ಲದ ಕೆಳಗೆ ಹಿಡಿದು ನುಡಿಸುತ್ತಾರೆ, ತಂತಿಗಳ ಶ್ರುತಿಯೂ ಬೇರೆ. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿನ ಹತ್ತಿರ ಊರಿ, ನಾಲ್ಕು ತಂತಿಗಳನ್ನು ಸ-ಪ-ಸ-ಪ ಅಂತ ಶ್ರುತಿ ಮಾಡುತ್ತಾರೆ. ಮಂಡಿ ನೋವಿದ್ದರೆ ಇದನ್ನು ಗುರುಗಳಿಗೆ ಮೊದಲೇ ಹೇಳಿ. ಸಾಧ್ಯವಾದರೆ ಎರಡು ಮೂರು ತಿಂಗಳು ಬಾಡಿಗೆ ಪಿಟೀಲು ಸಾಕು. ನೆರೆಯವರ ಚಿಂತೆಯಿದ್ದರೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ಪಟ್ಟಿ) ಮೇಲೆ ಕೂರಿಸುವ ರಬ್ಬರ್ ಮ್ಯೂಟ್ ಸಿಗುತ್ತದೆ, ಸದ್ದು ಬಹಳ ತಗ್ಗುತ್ತದೆ. ತಬಲಾ, ಸ್ಯಾಕ್ಸೊಫೋನ್ ಕಲಿಯುವವರಿಗೆ ಇಷ್ಟು ಸುಲಭದ ಉಪಾಯ ಇಲ್ಲ.

ಪ್ರಶ್ನೆ: ಮಗನಿಗೆ 8 ವರ್ಷ. ಮನೆಯಲ್ಲಿದ್ದ ಹಳೆಯ ಗಿಟಾರ್ ಕೊಟ್ಟೆವು, ಬೆರಳು ನೋವು ಅಂತ ವಾರದಲ್ಲೇ ಬಿಟ್ಟ. ಆಸಕ್ತಿ ಇಲ್ಲ ಅಂತ ಬಿಟ್ಟುಬಿಡೋಣವೇ?

ಉತ್ತರ: ಅವನನ್ನು ಬಿಟ್ಟು ಮೊದಲು ಗಿಟಾರನ್ನು ನೋಡಿ. ಹಳೆಯ ಗಿಟಾರಿನ ಕತ್ತು ಬಾಗಿ ತಂತಿಗಳು ಮೇಲೆದ್ದಿರುತ್ತವೆ, ಒತ್ತಲು ದೊಡ್ಡವರಿಗೇ ಕಷ್ಟ. ಅದರ ಮೇಲೆ ಸ್ಟೀಲ್ ತಂತಿ, ದೊಡ್ಡವರ ಅಳತೆ. ಇಂಥದ್ದನ್ನು ಕೊಟ್ಟು ಮಗುವಿನ ಆಸಕ್ತಿ ಅಳೆಯುವುದು ಅನ್ಯಾಯ. ಮಕ್ಕಳ ಅಳತೆಯ ನೈಲಾನ್ ತಂತಿಯ ಗಿಟಾರ್ ಸಿಗುತ್ತದೆ, ಇಲ್ಲವೇ ಯುಕುಲೇಲೆ ಕೊಡಿಸಿ. ನಾಲ್ಕೇ ತಂತಿ, ಮೃದು, ಅದರಲ್ಲಿ ಕಲಿತ ಕಾರ್ಡ್‌ಗಳ ಬೆರಳಿನ ಆಕಾರ ಮುಂದೆ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗೂ ಹೊಂದುತ್ತದೆ. ಆದರೆ ಕೊಡಿಸುವ ಮೊದಲು ಅವನನ್ನು ನಾಲ್ಕಾರು ವಾದ್ಯ ಕೇಳುವ ಕಡೆ ಕರೆದುಕೊಂಡು ಹೋಗಿ, ಯಾವುದರ ಮುಂದೆ ನಿಂತುಬಿಡುತ್ತಾನೆ ನೋಡಿ. ಅದು ಮೃದಂಗವಾದರೂ ಸರಿ, ಗಿಟಾರ್ ಮನೆಯಲ್ಲಿದೆ ಅನ್ನುವ ಕಾರಣಕ್ಕೆ ಅದನ್ನೇ ಹೇರಬೇಡಿ.