ಅಲಮೇಲುವನ್ನು ಯಾರು ಕೇಳಿದರು?

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಹಳೇ ಸಂಸಾರದ ಸಿನಿಮಾಗಳನ್ನು ನಾವು ಟೀಕಿಸಿದ್ದು ಅವರಿಗೆ ಹಿಡಿಸಿಲ್ಲ. ಅವರ ವಾದ ಇಷ್ಟು: ಆಗಿನ ಚಿತ್ರಗಳು ಹಿರಿಯರ ಮಾತಿಗೆ ಬೆಲೆ ಕೊಡೋದನ್ನು ಕಲಿಸಿದವು, ಈಗಿನವು ಓಡಿಹೋಗೋದನ್ನು ಕಲಿಸುತ್ತಿವೆ, ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರಂಥವರು ಊರಿಗೊಬ್ಬರು ಇದ್ದಿದ್ದರೆ ಇಷ್ಟೊಂದು ಸಂಸಾರ ಮುರಿಯುತ್ತಿರಲಿಲ್ಲ.

ಮೇಷ್ಟ್ರೇ, ಮೊದಲಿಗೆ ನಿಮ್ಮ ಅಕ್ಷರಕ್ಕೊಂದು ನಮಸ್ಕಾರ. ಹಿರಿಯರು ನೋಡಿ ಮಾಡಿದ ಮದುವೆಗಳು ಎಷ್ಟೋ ಚೆನ್ನಾಗಿ ನಡೆದಿವೆ. ನಿಮ್ಮದೂ ಹಾಗೇ ಅಂತ ಬರೆದಿದ್ದೀರಿ, ಸಂತೋಷ. ಓಡಿಹೋದವರೆಲ್ಲ ಸುಖವಾಗಿದ್ದಾರೆ ಅಂತ ನಾನೂ ಹೇಳೋದಿಲ್ಲ. ಆದರೆ ನೀವು ಚಾಮಯ್ಯ ಮೇಷ್ಟ್ರನ್ನೇ ಸಾಕ್ಷಿಗೆ ಕರೆದಿರಲ್ಲ, ಸಿಕ್ಕಿಬಿದ್ದಿದ್ದು ಅಲ್ಲೇ.

ಆ ಚಿತ್ರವನ್ನು ಇನ್ನೊಮ್ಮೆ ಹಾಕಿ ನೋಡಿ. 1972ರದ್ದು, ಪುಟ್ಟಣ್ಣ ಕಣಗಾಲ್ ನಿರ್ದೇಶನ, ತರಾಸು ಕಾದಂಬರಿಗಳ ಕಥೆ. ಪುಂಡ ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ನಿನಗೇ ಕೊಡಿಸ್ತೀನಿ ಅಂತ ನಾಯಕ ರಾಮಾಚಾರಿಗೆ ಮಾತು ಕೊಡುವವನು ಅಲಮೇಲುವಿನ ಅಣ್ಣ. ಆಮೇಲೆ ಆ ಮಾತು ಮುರಿಯುವವನೂ ಅವನೇ. ‘ಅವಳನ್ನ ಬಿಟ್ಟುಬಿಡು’ ಅಂತ ರಾಮಾಚಾರಿಯನ್ನು ಒಪ್ಪಿಸುವವರು ಅವನ ಗುರು ಚಾಮಯ್ಯ ಮೇಷ್ಟ್ರು. ಬಿಡುವವನು ರಾಮಾಚಾರಿ. ಇಷ್ಟೆಲ್ಲ ಮಾತುಕತೆಯಲ್ಲಿ ಅಲಮೇಲುವನ್ನು ಯಾರಾದರೂ ಕೂರಿಸಿಕೊಂಡು, ‘ಏನಮ್ಮಾ, ನಿನಗೇನು ಅನಿಸುತ್ತೆ’ ಅಂತ ಕೇಳಿದರಾ? ಹಿರಿಯರು ಕಟ್ಟಿದ ಗಂಡ ಅವಳನ್ನು ಮಾರಿ ದುಡ್ಡು ಮಾಡಿಕೊಂಡ. ಪುಟ್ಟಣ್ಣ ಅದನ್ನು ಮುಚ್ಚಿಡಲಿಲ್ಲ, ಅದು ಅವರ ದೊಡ್ಡತನ. ನಾವು ಮಾತ್ರ ಆ ಭಾಗಕ್ಕೆ ಕಣ್ಣೀರು ಹಾಕಿ, ಮನೆಗೆ ಬಂದು ಗುರುಭಕ್ತಿಯ ಬಗ್ಗೆ ಭಾಷಣ ಮಾಡಿದೆವು.

34 ವರ್ಷ ಕಳೆದು ‘ಮುಂಗಾರು ಮಳೆ’ ಬಂತು. ಹಾಡುಗಳನ್ನು ನಾನೂ ಗುನುಗಿದವನೇ. ಆದರೆ ಕಥೆ ನೋಡಿ. ಹುಡುಗಿ ನಾಯಕ ಪ್ರೀತಂಗೆ ಮನಸ್ಸು ಬಿಚ್ಚಿ ಹೇಳಿದ್ದಾಳೆ. ಅವಳಪ್ಪ ಹೃದಯದ ಕಾಯಿಲೆಯವರು, ಬೇರೊಬ್ಬನ ಜೊತೆ ನಿಶ್ಚಯವಾದ ಅವಳ ಮದುವೆ ಸುಸೂತ್ರವಾಗಿ ಆಗಲಿ ಅಂತ ಕಾಯುತ್ತಿದ್ದಾರೆ. ಅಷ್ಟಕ್ಕೇ ಪ್ರೀತಂ ತ್ಯಾಗ ಮಾಡಿಬಿಡುತ್ತಾನೆ. ತ್ಯಾಗ ಅವನದು, ಚಪ್ಪಾಳೆ ಅವನಿಗೆ, ಸಂಸಾರ ಮಾಡಬೇಕಾದವಳು ಅವಳು! ಮರುವರ್ಷದ ‘ಮಿಲನ’ ಸ್ವಲ್ಪ ವಾಸಿ. ಮೊದಲ ರಾತ್ರಿಯೇ ‘ನಾನು ಬೇರೆಯವನನ್ನ ಪ್ರೀತಿಸಿದ್ದೆ, ನನಗೆ ವಿಚ್ಛೇದನ ಬೇಕು’ ಅನ್ನುವ ಹುಡುಗಿ, ಅದನ್ನು ಗೌರವದಿಂದ ಕೇಳುವ ಗಂಡ. ಆದರೂ ಕೊನೆಗೆ ಏನಾಯ್ತು? ಅಪ್ಪ ತಂದ ಗಂಡೇ ಸರಿ ಅಂತ ಆಯ್ತು. ಒತ್ತಾಯ ಮಾಡಿದ್ದು ಸಲೀಸಾಗಿ ಮಾಫಿ.

ನನ್ನ ತಕರಾರು ಇದೇ. ನಮ್ಮ ಸಿನಿಮಾದಲ್ಲಿ ಬಲವಂತ ಅಂದರೆ ಮೀಸೆ ಹೊತ್ತ ಖಳ, ಕಟ್ಟಿಹಾಕಿದ ಹುಡುಗಿ, ಓಡೋಡಿ ಬರುವ ನಾಯಕ. ಮನೆಯಲ್ಲಿ ನಡೆಯೋದು ಹಾಗಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗಳು ಬೇಡ ಅಂದಳು. ಯಾರೂ ಕೈ ಎತ್ತಲಿಲ್ಲ. ಅಪ್ಪ ಊಟ ಬಿಟ್ಟು ಜಗಲಿಯಲ್ಲಿ ಕೂತರು. ಅಮ್ಮ ತಟ್ಟೆ ಹಿಡಿದುಕೊಂಡು ಜಗಲಿಗೂ ಮಗಳ ಕೋಣೆಗೂ ಓಡಾಡಿದರು. ‘ನಾಲ್ಕು ಜನಕ್ಕೆ ಹೇಗೆ ಮುಖ ತೋರಿಸೋದು’ ಅಂತ ಅಜ್ಜಿ. ಕತ್ತಲಾಗುವ ಹೊತ್ತಿಗೆ ಹುಡುಗಿ ‘ಆಯ್ತು’ ಅಂದಳು. ಛತ್ರದಲ್ಲಿ ಅಂತರಪಟ ಸರಿದಾಗ ಅವಳ ಚಿಕ್ಕಮ್ಮ ಹಿಂದಿನಿಂದ, ‘ನಗೇ ಮಾರಾಯ್ತಿ, ವಿಡಿಯೋ ಆಗ್ತಿದೆ’ ಅಂದಿದ್ದನ್ನು ನಾನೇ ಕೇಳಿದ್ದೇನೆ.

ಕಾನೂನು ಇದೆಯಲ್ಲ ಅಂತೀರಿ. ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ ಒತ್ತಾಯದಿಂದಲೋ ಮೋಸದಿಂದಲೋ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದು ಮಾಡಿ ಅಂತ ಕೇಳಬಹುದು, ಒತ್ತಾಯ ನಿಂತ ಒಂದು ವರ್ಷದೊಳಗೆ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದರೆ ಸಾಕು, ಮನೆಯವರ ಒಪ್ಪಿಗೆ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸರಿ, ಅಪ್ಪ ಊಟ ಬಿಟ್ಟು ಕೂತಿದ್ದಕ್ಕೆ ಯಾವ ಸಾಕ್ಷಿ ತರೋದು?

ಹಳೇದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಗಮನಿಸಿ. 1967ರ ‘ಬೆಳ್ಳಿಮೋಡ’ ನೋಡಿದ್ದೀರಲ್ವಾ? ಆಸ್ತಿ ಇವಳಿಗೇ ಬರುತ್ತೆ ಅಂತ ಒಪ್ಪಿದ್ದ ಗಂಡು, ಅವಳಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಕೈಕೊಡುತ್ತಾನೆ. ಆಮೇಲೆ ಬಿದ್ದು ಪೆಟ್ಟಾದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಾಯಿಸಿ ಮದುವೆ ಆಗೋಣ ಅಂದರೆ, ನಾಯಕಿ ಕಲ್ಪನಾ ‘ಆಗೋದಿಲ್ಲ’ ಅನ್ನುತ್ತಾರೆ. ಅಷ್ಟೇ! ಅದೂ ಪುಟ್ಟಣ್ಣನವರದೇ, ಆದರೆ ಕಥೆ ತ್ರಿವೇಣಿಯವರದು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ಆಗ ನಿರ್ದೇಶಕರು ಹೆಂಗಸರ ಕಾದಂಬರಿ ಓದುತ್ತಿದ್ದರು. ಈಗ ಓದೋದಿರಲಿ, ಪಕ್ಕದ ರಾಜ್ಯದ ಹಿಟ್ ಚಿತ್ರದ ಹಕ್ಕು ತಂದು ಊರಿನ ಹೆಸರು ಬದಲಾಯಿಸಿದರೆ ಕೆಲಸ ಮುಗಿಯಿತು. ಧಾರಾವಾಹಿಗಳ ಕಥೆ ಇನ್ನೂ ಚಂದ. ಗಡಿಬಿಡಿಯಲ್ಲಿ ಯಾರೋ ತಾಳಿ ಕಟ್ಟಿಬಿಡುತ್ತಾನೆ, ಮುಂದೆ ವರ್ಷಗಟ್ಟಲೆ ಅವಳು ಅವನನ್ನು ಪ್ರೀತಿಸೋದು ಕಲಿಯಬೇಕು. ಇದನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ನಮಗೆ ಸಂಸ್ಕೃತಿ ಹಾಳಾಗೋದು ಮಾತ್ರ ಓಡಿಹೋಗುವ ಹುಡುಗಿಯಿಂದ!

ನಿಮ್ಮ ಪತ್ರದ ಕೊನೆಯಲ್ಲಿ ಮೊಮ್ಮಗಳಿಗೆ ಗಂಡು ನೋಡುತ್ತಿದ್ದೀವಿ, ನಿಮ್ಮ ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿಕೊಡಿ ಅಂದಿದ್ದೀರಿ. ಮೇಷ್ಟ್ರೇ, ಅವಳ ಎತ್ತರ, ಬಣ್ಣ, ನಕ್ಷತ್ರ, ಗೋತ್ರ, ಸಂಬಳ ಎಲ್ಲ ಬರೆದಿದ್ದೀರಿ. ಎಂಥ ಹುಡುಗ ಬೇಕು ಅನ್ನುವ ಜಾಗದಲ್ಲಿ ಇರೋದು ನಿಮ್ಮ ಅಕ್ಷರ. ಜಾಹೀರಾತು ಖಂಡಿತ ಹಾಕೋಣ, ದುಡ್ಡೂ ಬೇಡ. ಆ ಎರಡು ಸಾಲನ್ನು ಮಾತ್ರ ಅವಳ ಕೈಯಲ್ಲೇ ಬರೆಸಿ ಕಳಿಸಿ.