ಲಕ್ವದ ಕ್ಲಾಟ್ ತೆಗೆಯುವ ಸಾಧನ: ದುಬಾರಿಯದೇ ಒಳ್ಳೆಯದಾ?

ಪ್ರಶ್ನೆ: ನಮ್ಮದು ಶಿರಾ. ದೊಡ್ಡಪ್ಪನಿಗೆ ಲಕ್ವ ಹೊಡೆದಾಗ ಬೆಂಗಳೂರಿನಲ್ಲಿ ತೊಡೆಯ ರಕ್ತನಾಳದಿಂದ ಸಾಧನ ತೂರಿಸಿ ಮೆದುಳಿನ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ತೆಗೆದರು. ಬಲೆಯಂಥ ಸ್ಟೆಂಟ್, ಹೀರುವ ನಳಿಕೆ ಅಂತ ಎರಡು ಬಗೆ ಇವೆಯಂತೆ. ಯಾವುದು ಮೇಲು? ಜಾಸ್ತಿ ಬೆಲೆಯದೇ ಒಳ್ಳೆಯದಾ?

ಉತ್ತರ: ಬೆಲೆ ನೋಡಿ ತೀರ್ಮಾನಿಸಬೇಡಿ. ಮೂರು ತಿಂಗಳ ನಂತರ ರೋಗಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾರಾ? ಸಾಧನವನ್ನು ಅಳೆಯಬೇಕಾದ್ದು ಇದರಿಂದ. ರಕ್ತನಾಳ ತೆರೆದರೆ ಅಷ್ಟಕ್ಕೇ ಗೆದ್ದಂತಲ್ಲ.

ಇದು ತಿಳಿಯಲು ವರ್ಷಗಳೇ ಬೇಕಾದವು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ 'ಮರ್ಸಿ' ಸುರುಳಿ ತಂತಿಯ ಸಾಧನ. ರಕ್ತನಾಳ ತೆರೆಯುತ್ತದೆ ಎಂಬುದೇ ಅದಕ್ಕಿದ್ದ ಮುಖ್ಯ ಆಧಾರ. 2012ರ ಹೋಲಿಕೆಗಳಲ್ಲಿ ಸಾಲಿಟೇರ್, ಟ್ರೆವೊ ಎಂಬ ಬಲೆ ಸ್ಟೆಂಟ್‌ಗಳು ಅದನ್ನು ಹಿಂದಿಕ್ಕಿದವು. ಆದರೂ 2013ರಲ್ಲಿ ಬಂದ ಮೂರು ಅಧ್ಯಯನಗಳಲ್ಲಿ ಈ ಚಿಕಿತ್ಸೆಯಿಂದ ಲಾಭವೇ ಕಾಣಲಿಲ್ಲ. ಅವುಗಳಲ್ಲಿ ಬಳಸಿದ್ದು ಹೆಚ್ಚಾಗಿ ಹಳೆಯ ಸಾಧನಗಳನ್ನೇ. ದೊಡ್ಡ ರಕ್ತನಾಳ ಕಟ್ಟಿದೆಯಾ ಅಂತ ಎಲ್ಲರಲ್ಲೂ ಮೊದಲೇ ನೋಡಿರಲಿಲ್ಲ. 2015ರಲ್ಲಿ ಬಂದ ಐದು ಅಧ್ಯಯನಗಳು ಹೆಚ್ಚಾಗಿ ಹೊಸ ಸ್ಟೆಂಟ್ ಬಳಸಿದವು, ರೋಗಿಗಳನ್ನು ಸ್ಕ್ಯಾನ್ ಮಾಡಿ ಆರಿಸಿದವು. ಅವುಗಳ ಒಟ್ಟು 1,287 ರೋಗಿಗಳಲ್ಲಿ, ಮೂರು ತಿಂಗಳಿಗೆ ಸ್ವತಂತ್ರವಾಗಿ ಓಡಾಡಿಕೊಂಡಿದ್ದವರು ಕ್ಲಾಟ್ ತೆಗೆಸಿಕೊಂಡವರಲ್ಲಿ 100ಕ್ಕೆ 46. ಔಷಧಿ ಮಾತ್ರ ಪಡೆದವರಲ್ಲಿ ಸುಮಾರು 26. ಇದು ಸಣ್ಣ ವ್ಯತ್ಯಾಸವಲ್ಲ, ಅಲ್ವಾ?

ಸ್ಟೆಂಟ್, ಹೀರುವ ನಳಿಕೆ ಎರಡನ್ನೂ 2017 ಮತ್ತು 2019ರ ಅಧ್ಯಯನಗಳು ನೇರವಾಗಿ ಹೋಲಿಸಿವೆ. ಫಲಿತಾಂಶ ಹೆಚ್ಚುಕಡಿಮೆ ಒಂದೇ. ಎಷ್ಟೋ ಸಲ ಎರಡನ್ನೂ ಒಟ್ಟಿಗೇ ಬಳಸುತ್ತಾರೆ. ಮೊದಲ ಎಳೆತಕ್ಕೇ ಕ್ಲಾಟ್ ಪೂರ್ತಿ ಬಂತಾ, ಚೂರು ಒಡೆದು ಮುಂದೆ ಹೋಯಿತಾ, ಮೆದುಳಲ್ಲಿ ರಕ್ತಸ್ರಾವ ಆಯಿತಾ ಎಂಬುದನ್ನೂ ವೈದ್ಯರು ನೋಡುತ್ತಾರೆ.

ಶಿರಾದವರಿಗೆ ಸಾಧನದ ಹೆಸರಿಗಿಂತ ದೂರವೇ ದೊಡ್ಡ ಪ್ರಶ್ನೆ. ದೊಡ್ಡ ರಕ್ತನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ, ಒಂದೇ ಲಕ್ಷಣ ಕಂಡರೂ ಸಮಯ ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ದಯವಿಟ್ಟು ನಾಟಿ ಔಷಧಿಗೆ ಅಂತ ಸುತ್ತಬೇಡಿ. ತುಮಕೂರಿನಲ್ಲಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತಸ್ರಾವ ಇಲ್ಲದಿದ್ದರೆ, ವೈದ್ಯರು ಸರಿ ಎಂದರೆ, ಕ್ಲಾಟ್ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬಹುದು. ಅದು ಕೆಲಸ ಮಾಡುತ್ತಾ ಅಂತ ಸುಮ್ನೆ ಕಾಯಬೇಡಿ. ದೊಡ್ಡ ರಕ್ತನಾಳ ಕಟ್ಟಿದ್ದರೆ ಕೂಡಲೇ ಬೆಂಗಳೂರಿಗೆ ಕಳಿಸಿ, ಅಲ್ಲಿನ ತಂಡಕ್ಕೆ ಮೊದಲೇ ಫೋನ್ ಮಾಡಿ ಅಂತ ಕೇಳಿ. ತಡವಾಯಿತು ಅಂತ ಕೈಬಿಡಲೂಬೇಡಿ. ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಭಾಗ ಕಂಡರೆ, ಕೆಲವರಿಗೆ 24 ಗಂಟೆಯವರೆಗೂ ಕ್ಲಾಟ್ ತೆಗೆಯಬಹುದು.