ಲಂಡನ್‌ನಿಂದ ಒಂದೇ ದಿನದಲ್ಲಿ ಸಾಲ್ಸ್‌ಬರಿ ಕೆಥೆಡ್ರಲ್, ಸ್ಟೋನ್‌ಹೆಂಜ್ ಎರಡನ್ನೂ ನೋಡಬಹುದಾ?

ಅಪ್ಪ-ಅಮ್ಮನನ್ನು ರೈಲಲ್ಲಿ ಕರ್ಕೊಂಡು ಹೋಗಿ, ಸಾಲ್ಸ್‌ಬರಿ ಊರಿನ ದೊಡ್ಡ ಚರ್ಚು, ಊರಾಚೆ ಬಯಲಲ್ಲಿರೋ ಆದಿಕಾಲದ ಕಲ್ಲುಗಳ ವೃತ್ತ, ಎರಡೂ ಮುಗಿಸಿ ಬರೋ ಯೋಚನೆ ನಿಮ್ಮದು. ನಾನೂ ಹಾಗೇ ‘ಮುಗಿಸಿ’ ಬಂದವನು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಮ್ಮಮ್ಮ ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು. ‘ಮ್ಯಾಗ್ನಾ ಕಾರ್ಟಾ, 1215, ದೊರೆ ಜಾನ್’ ಅಂತ ವರ್ಷಾ ವರ್ಷಾ ಬೋರ್ಡ್ ಮೇಲೆ ಬರೆದವರು. ದೊರೆಯೂ ಕಾನೂನಿಗೆ ತಲೆಬಾಗಬೇಕು ಅನ್ನೋ ಇಂಗ್ಲೆಂಡಿನ ಆ ಹಳೇ ಸನ್ನದಿನ 1215ರ ಪ್ರತಿಗಳಲ್ಲಿ ಉಳಿದಿರೋದು ನಾಲ್ಕೇ. ಒಂದು ಈ ಕೆಥೆಡ್ರಲ್‌ನ ಚಾಪ್ಟರ್ ಹೌಸ್‌ನಲ್ಲಿ, ಅಂದ್ರೆ ಪಾದ್ರಿಗಳು ಸಭೆ ಸೇರ್ತಿದ್ದ ಹಾಲ್‌ನಲ್ಲಿದೆ. ಅಮ್ಮನಿಗೆ ಬೇಕಿದ್ದಿದ್ದು ಅದೊಂದೇ.

ನಾನೋ ಲೆಕ್ಕಾಚಾರದ ಮನುಷ್ಯ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ ಅಂದೆ. ವಾಟರ್‌ಲೂನಿಂದ ಒಂದೂವರೆ ಗಂಟೆ ರೈಲು. ಇಳಿದವರೇ ಸ್ಟೋನ್‌ಹೆಂಜ್ ಬಸ್ ಹತ್ತಿದೆವು. ಬಸ್ ಕಲ್ಲಿನ ಹತ್ತಿರ ಬಿಡುತ್ತೆ ಅಂದ್ಕೊಂಡಿದ್ದೆ. ಬಿಡೋದು ವಿಸಿಟರ್ ಸೆಂಟರ್‌ನಲ್ಲಿ. ಕಲ್ಲು ಅಲ್ಲಿಂದ ಇನ್ನೂ ಎರಡು ಕಿಲೋಮೀಟರ್‌ಗಿಂತ ಜಾಸ್ತಿ. ಅದಕ್ಕೆ ಬೇರೆ ಬಸ್, ಅದಕ್ಕೊಂದು ಕ್ಯೂ. ಕಲ್ಲಿನ ಸುತ್ತ ಒಂದು ಸುತ್ತು. ವಾಪಸ್ ಬರೋಕೆ ಮತ್ತೆ ಕ್ಯೂ. ಊರಿನ ಬಸ್ ಕಣ್ಣೆದುರೇ ಹೊರಟುಹೋಯ್ತು. ತಪ್ಪು ಬಸ್ಸಿನದಲ್ಲ, ನನ್ನ ಲೆಕ್ಕದ್ದು. ಬಯಲಲ್ಲಿ ನಿಂತಿರೋ ಕಲ್ಲಿಗೆ ಬಾಗಿಲಿಲ್ಲ, ರಸ್ತೆಯಿಂದಲೂ ಕಾಣುತ್ತೆ. ಚಾಪ್ಟರ್ ಹೌಸ್‌ಗೆ ಬಾಗಿಲಿದೆ, ಅದನ್ನು ಹಾಕ್ತಾರೆ. ಇಷ್ಟು ಹೊಳೆಯಲಿಲ್ಲ ನೋಡಿ.

ನಾವು ಹೋದಾಗ ಹಾಕಿತ್ತು.

ಉಳಿದದ್ದನ್ನು ಓಡೋಡಿ ನೋಡಿದೆವು. 1386ರದು ಅನ್ನೋ ಗಡಿಯಾರ, ಮುಳ್ಳೂ ಇಲ್ಲ, ಮುಖವೂ ಇಲ್ಲ, ಗಂಟೆ ಹೊಡೆಯೋದಷ್ಟೇ ಕೆಲಸ. ನಡುವೆ ದೊಡ್ಡ ನೀರಿನ ತೊಟ್ಟಿ. ನೀರು ಎಷ್ಟು ಅಲುಗದೆ ನಿಂತಿತ್ತು ಅಂದ್ರೆ ಕಮಾನು, ಕಿಟಕಿ ಎಲ್ಲ ತಲೆಕೆಳಗಾಗಿ ಅದರೊಳಗಿದ್ದವು. ಅಮ್ಮ ಕನ್ನಡಿ ಅಂದ್ಕೊಂಡು ಬೆರಳಿಟ್ಟರು. ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ‘ನಡಿ, ರೈಲಿಗೆ ಹೊತ್ತಾಯ್ತು’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಊರಿಗೆ ಹೊರಟರು.

ಹಾಗಾಗಿ ‘ಎರಡೂ ಹೇಗೆ’ ಅನ್ನೋ ಪ್ರಶ್ನೆಯೇ ಬೇಡ. ಸ್ಟೋನ್‌ಹೆಂಜ್ ಬಿಡಿ. ಸ್ಟೇಷನ್‌ನಿಂದ ನೆಟ್ಟಗೆ ಕೆಥೆಡ್ರಲ್‌ಗೆ ನಡೆಯಿರಿ, ಹತ್ತು-ಹದಿನೈದು ನಿಮಿಷ. 123 ಮೀಟರ್ ಗೋಪುರ, ದಾರಿ ತಪ್ಪೋಕಾಗಲ್ಲ. ಮೊದಲು ಚಾಪ್ಟರ್ ಹೌಸ್. ಆಮೇಲೆ ಹೊರಗೆ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿ.

ಮರುವರ್ಷ ನಾನೊಬ್ಬನೇ ಹೋಗಿ ನೋಡಿದೆ. ಒಂದೇ ಒಂದು ಚರ್ಮದ ಹಾಳೆ, ತುಂಬಾ ಲ್ಯಾಟಿನ್. ರಾತ್ರಿ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ: ‘ಅಕ್ಷರ ದುಂಡಗಿತ್ತೇನೋ?’